ಬಲಗೈ ಬಾಗಿಲು

ಜನವರಿ ೬, ಸೋಮವಾರ

ಮೊದಲೆಲ್ಲ ಹೊಸ ವರ್ಷ ಬಂತೆಂದರೆ ಪೈಪಿನವರು, ಪೇಂಟಿನವರು, ನಲ್ಲಿಯವರು ಸೇರಿ ಹನ್ನೆರಡು ಹದಿನಾಲ್ಕು ಡೈರಿ ತಂದು ಕೊಡುತ್ತಿದ್ದರು. ಅರ್ಧ ನೆಂಟರಿಗೆ ಹಂಚಿ, ಉಳಿದರ್ಧವನ್ನು ಒಂದಕ್ಷರವೂ ಬರೆಯದೆ ವರ್ಷದ ಕೊನೆಗೆ ರದ್ದಿಗೆ ಹಾಕುತ್ತಿದ್ದೆ. ಈ ಸಲ ಬಂದದ್ದು ಒಂದೇ ಒಂದು. ಉಳಿದವರೆಲ್ಲ ಫೋನಿಗೆ ಹೂಗುಚ್ಛದ ಚಿತ್ರ ಕಳಿಸಿ ಕೈತೊಳೆದುಕೊಂಡಿದ್ದಾರೆ. ಒಂದೇ ಇದ್ದದ್ದಕ್ಕೋ ಏನೋ, ಹಾಳು ಮಾಡಲು ಮನಸ್ಸು ಬರಲಿಲ್ಲ. ಓದುವವನು ನಾನೊಬ್ಬನೇ, ಆದ್ದರಿಂದ ಇದರಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ.

ಆದದ್ದು ಇಷ್ಟು. ಕಳೆದ ತಿಂಗಳು ಅಕ್ಕನಿಗೆ ಲಕ್ವ ಹೊಡೆಯಿತು. ಬಲಗಾಲು ಮುಕ್ಕಾಲು ಪಾಲು ಸರಿಹೋಗಿದೆ, ಗೋಡೆ ಹಿಡಿದು ಓಡಾಡುತ್ತಾಳೆ. ನಾಲಿಗೆಗೆ ಏನೂ ಆಗಿಲ್ಲ, ಅದು ನನ್ನ ಹಣೆಬರಹ. ಬಲಗೈ ಮಾತ್ರ ಮಲಗಿಬಿಟ್ಟಿದೆ. ನನ್ನ ಹಾರ್ಡ್‌ವೇರ್ ಅಂಗಡಿಗೆ ಅಂಟಿಕೊಂಡೇ ಅವಳ ಟೈಲರ್ ಅಂಗಡಿ, ಅದರ ಮಹಡಿಯಲ್ಲಿ ಅವಳ ಮನೆ. ನಲವತ್ತು ವರ್ಷ ಆ ಬಲಗೈ ಕತ್ತರಿ ಆಡಿಸಿದ ಬಟ್ಟೆಯನ್ನೇ ಈ ಬೀದಿ ಉಟ್ಟಿದೆ.

ಇವತ್ತು ಅವಳ ಮಗಳು ತನ್ನ ಊರಿನಿಂದ ಬಂದಿದ್ದಳು. ಮೆಟ್ಟಿಲ ಕೆಳಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಮಾಮ, ಆರು ವಾರ ನೋಡೋಣ. ಅಷ್ಟರಲ್ಲಿ ಅಮ್ಮನ ಕೈ ಕತ್ತರಿ ಹಿಡೀಲಿಲ್ಲ ಅಂದ್ರೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಮಳಿಗೆ ನೀವೇ ಇಟ್ಕೊಳ್ಳಿ. ಓನರ್ ಹತ್ರ ಮಾತಾಡಿದೀನಿ, ಒಪ್ಪಿದಾರೆ."

ನಾನು ತುಂಬಾ ಬೇಸರದ ಮುಖ ಮಾಡಿದೆ. ಮುಖ ಬೇಸರದಲ್ಲಿರುವಾಗಲೇ ಮನಸ್ಸು ಪೈಪುಗಳನ್ನೆಲ್ಲ ಆ ಕಡೆಗೆ ಸಾಗಿಸಿ ಜೋಡಿಸಿಯೂ ಆಗಿತ್ತು. ಹತ್ತು ವರ್ಷದಿಂದ ಜಾಗ ಸಾಲದೆ ಪೈಪುಗಳನ್ನು ಬಾಗಿಲ ಹೊರಗೆ ನಿಲ್ಲಿಸಿ ಬದುಕಿದ್ದೇನೆ!

ಮಿಷನ್ನಿನ ಧೂಳು ಒರೆಸುವ ನೆಪದಲ್ಲಿ ಅವಳ ಅಂಗಡಿಗೆ ಹೋಗಿ ಟೇಪು ಹಿಡಿದು ಅಳೆದೆ. ಮಧ್ಯದ ಗೋಡೆ ಒಂಬತ್ತಿಂಚು ದಪ್ಪ. ಏಳಡಿ ಎತ್ತರ, ನಾಲ್ಕಡಿ ಅಗಲ ಒಡೆದರೆ ಸಾಕು, ಎರಡು ಮಳಿಗೆ ಒಂದಾಗುತ್ತೆ. ನನ್ನ ಕಡೆಯ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಗೆರೆ ಎಳೆದು, ಮೇಸ್ತ್ರಿಗೆ ಫೋನ್ ಮಾಡಿ ಫೆಬ್ರವರಿ ಇಪ್ಪತ್ತು ಅಂತ ದಿನ ಗೊತ್ತು ಮಾಡಿದೆ.

ಇದು ಆಸೆಬುರುಕತನ ಅಲ್ಲ, ಮುಂದಾಲೋಚನೆ. ಮೂವತ್ತೊಂದು ವರ್ಷದಲ್ಲಿ ಎಂಟು ಗಂಟೆಗೆ ಮುಂಚೆ ಷಟರ್ ಇಳಿಸದವನು ನಾನು. ಅಕ್ಕನನ್ನು ಆಸ್ಪತ್ರೆಗೆ ಹೊತ್ತೊಯ್ದ ದಿನ ಕೂಡ ಎದುರಂಗಡಿಯವರನ್ನು ಕೂರಿಸಿ ಹೋಗಿದ್ದೆ.

ಜನವರಿ ೮, ಬುಧವಾರ

ಕಸರತ್ತು ಹೇಳಿಕೊಡುವ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು, ನಗು ಕಡಿಮೆ. ಹನ್ನೆರಡು ಚಿತ್ರ ಇರುವ ಒಂದು ಹಾಳೆ ಕೊಟ್ಟರು, ಒಂದು ಹಳದಿ ರಬ್ಬರ್ ಚೆಂಡು ಕೊಟ್ಟರು. ದಿನಕ್ಕೆ ಮುನ್ನೂರು ಸಲ ಹಿಚುಕಬೇಕಂತೆ. ಮತ್ತೆ ಬರುವುದು ಇಪ್ಪತ್ತೇಳಕ್ಕೆ, ಕೊನೆಯ ಪರೀಕ್ಷೆ ಫೆಬ್ರವರಿ ಹದಿನೇಳಕ್ಕೆ.

"ಮುನ್ನೂರಾ? ಮೂರಕ್ಕೇ ಬೇಜಾರಾಗುತ್ತೆ ತಾಯಿ" ಅಂದಳು ಅಕ್ಕ.

"ಬೇಜಾರು ನಿಮಗಮ್ಮ, ಕೈಗಲ್ಲ."

ಮೇಡಂ ಬೀದಿಯ ತಿರುವು ದಾಟುವುದನ್ನು ಕಾದು ಅಕ್ಕ ಚೆಂಡನ್ನು ಕಿಟಕಿಯಿಂದ ಹೊರಗೆಸೆದಳು. ತಂದುಕೊಟ್ಟೆ. ಮತ್ತೆ ಎಸೆದಳು. ಇವತ್ತಿನ ಲೆಕ್ಕ: ಎಸೆದದ್ದು ಮೂರು, ಹಿಚುಕಿದ್ದು ಸೊನ್ನೆ.

ಮೂರನೇ ಸಲ ತಂದುಕೊಟ್ಟಾಗ ಅಂದಳು: "ಬಿಡೋ ಬೊಗಳೆ, ನಂದು ಮುಗೀತು. ಮಗಳ ಮನೇಲಿ ಸೋಫಾ ಮೇಲೆ ಕೂತು ಟೀವಿ ನೋಡ್ತೀನಿ. ಟೀವೀಲಿ ಬರೋರ ರವಿಕೆ ತೋಳು ಹೆಚ್ಚುಕಮ್ಮಿ ಆಗಿದ್ರೆ ಕಣ್ಣು ಮುಚ್ಕೋತೀನಿ."

ಬೊಗಳೆ ಅಂದರೆ ನಾನು. ಐದನೇ ವಯಸ್ಸಿಗೆ ಅವಳೇ ಇಟ್ಟ ಹೆಸರು. ಈಗ ಹಾಗೆ ಕರೆಯುವವರು ಅವಳೊಬ್ಬಳೇ.

ಜನವರಿ ೧೧, ಶನಿವಾರ

ಸಿಕ್ಕಿತು! ಸಿಕ್ಕಿತು!

ಬೆಳಿಗ್ಗೆ ಪ್ಲಂಬರ್ ಒಬ್ಬ ಮೊಣಕೈ ತಾಗಿಸಿ ಅರ್ಧ ಇಂಚಿನ ನಟ್ಟಿನ ಡಬ್ಬಿಯನ್ನು ಕೆಡವಿದ. ಅಂಗಡಿ ತುಂಬ ನಟ್ಟು. ಶಪಿಸುತ್ತಾ ಕೂತು ಆರಿಸತೊಡಗಿದೆ. ಅಂಗೈಯಲ್ಲಿ ಐದು ನಟ್ಟು ಸೇರಿದಾಗ ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ಒಂದನ್ನು ಮೇಲಕ್ಕೆ ಹಾರಿಸಿತು! ಅದು ಕೆಳಗೆ ಬರುವಷ್ಟರಲ್ಲಿ ಉಳಿದ ನಾಲ್ಕನ್ನು ನೆಲಕ್ಕೆ ಚೆಲ್ಲಿ ಅದನ್ನು ಹಿಡಿದೂ ಬಿಟ್ಟಿತು. ಕಲ್ಲಾಟ! ಐದು ಕಲ್ಲಿನಾಟ! ಐವತ್ತು ವರ್ಷವಾಯಿತು ಆಡಿ.

"ಸಾರ್, ನನ್ನ ವಾಷರ್ರು..." ಅಂದ ಪ್ಲಂಬರ್.

"ತಡೀರಿ ಸ್ವಾಮಿ!" ಅಂತ ಕೂಗಿದೆ. ನೆಲದ ಮೇಲೆ ಕೂತೇ ಒಂದೊಂದು, ಎರಡೆರಡು ಆಡಿ ಮುಗಿಸಿದೆ. ಮೂರು–ಒಂದರಲ್ಲಿ ಬಿತ್ತು. ಅವನಿಗೆ ವಾಷರ್ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಅಕ್ಕ ಈ ಆಟದ ರಾಣಿ. ನಮ್ಮ ಕಾಲಕ್ಕೆ ಮನೆ ಕಟ್ಟುವವರು ಬೀದಿಯಲ್ಲಿ ಸುರಿಸಿದ ಮರಳು ಗುಡ್ಡೆಯೇ ನಮ್ಮ ಅಂಗಡಿ. ಅದರೊಳಗೆ ಮೊಣಕೈವರೆಗೆ ಕೈ ತೂರಿ ನುಣ್ಣನೆಯ ಐದು ಕಲ್ಲು ಆರಿಸಲು ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. ಅವಳ ಕಲ್ಲುಗಳು ಸದಾ ಲಂಗದ ಜೇಬಿನಲ್ಲಿ, ನಡೆದರೆ ಸದ್ದು. ಎರಡು ಮನೆ ಆಚೆಯಿಂದಲೇ ಅಕ್ಕ ಬಂದಳು ಅಂತ ಗೊತ್ತಾಗುತ್ತಿತ್ತು.

ಈಗ ಮರಳನ್ನೂ ಮಿಷನ್ನಿನಲ್ಲಿ ಪುಡಿ ಮಾಡುತ್ತಾರೆ. ಅದರಲ್ಲಿ ಕಲ್ಲೆಲ್ಲಿ? ಇರಲಿ, ಐದು ನಟ್ಟು ಜೇಬಿಗೆ ಹಾಕಿದ್ದೇನೆ. ಮನೆಗೆ ನಡೆದು ಬರುವಾಗ ಜೇಬು ಸದ್ದು ಮಾಡಿತು.

ಜನವರಿ ೧೨, ಭಾನುವಾರ

ಅಕ್ಕನ ಮಂಚದ ಮೇಲೆ ಕಂಬಳಿ ಮಡಿಸಿ ಹಾಸಿ, ಐದು ನಟ್ಟು ಸುರಿದೆ.

ಅಕ್ಕ ಅವನ್ನು ನೋಡಿದಳು. ನನ್ನನ್ನು ನೋಡಿದಳು. "ನಿನ್ನ ಬೋಳು ತಲೆಗೆ ನಾಚಿಕೆ ಆಗಲ್ವೇನೋ?"

"ಸೋಲ್ತೀನಿ ಅಂತ ಭಯ ಇದ್ರೆ ಬೇಡ ಬಿಡು" ಅಂದೆ.

ಅಷ್ಟೇ ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ನಾಲ್ಕೈದು ಎಸೆತ ಕಂಬಳಿ ಬಿಟ್ಟು ಎಲ್ಲೆಲ್ಲಿಗೋ ಹೋದವು. ಆಮೇಲೆ ಬಂತು ನೋಡಿ! ಅದೇ ಹಳೆಯ ಕೈ, ಅದೇ ಮಣಿಕಟ್ಟಿನ ಕುಲುಕು! ಒಂಬತ್ತು ಸಲ ಹಿಡಿದಳು. ನಾನು ಮಂಚದಿಂದ ಹಾರಿ ನಿಂತು ಚಪ್ಪಾಳೆ ತಟ್ಟಿದೆ.

ಬಾಗಿಲಿನ ಹಂತಕ್ಕೆ ಬಂದಾಗ ಮಾತ್ರ ಜಗಳವಾಯಿತು. ಕಡೆಯ ಹಂತ ಅದು. ಆಡದೆ ಇರುವ ಕೈಯ ಹೆಬ್ಬೆರಳು, ತೋರುಬೆರಳನ್ನು ನೆಲಕ್ಕೂರಿ ಕಮಾನಿನ ಹಾಗೆ ಬಾಗಿಲು ಮಾಡಬೇಕು. ಒಂದು ಕಲ್ಲು ಹಾರಿಸಿ, ಅದು ಬೀಳುವಷ್ಟರಲ್ಲಿ ಇನ್ನೊಂದನ್ನು ಬಾಗಿಲೊಳಗೆ ತಳ್ಳಬೇಕು. ಬಾಗಿಲು ಬೆರಳ ತುದಿಯ ಮೇಲೇ ನಿಲ್ಲಬೇಕು, ಅಂಗೈ ನೆಲಕ್ಕೆ ತಾಗಿದರೆ ಔಟ್. ಈ ನಿಯಮ ತಂದವನು ನಾನೇ. ಅವಳನ್ನು ಸೋಲಿಸಲು ನನಗಿದ್ದದ್ದು ಅದೊಂದೇ ದಾರಿ. ಚಿಕ್ಕಂದಿನಿಂದಲೂ ಅವಳದ್ದು ಸೋಮಾರಿ ಬಾಗಿಲು, ಅಂಗೈ ಚಪ್ಪಟೆ ಹಾಸಿಬಿಡುವಳು. ಇವತ್ತೂ ಅದೇ ಆಟ! ಇಡುತ್ತಲೇ ಕುಸಿಯಿತು.

"ಔಟ್!"

"ಕಾಯಿಲೆಯವಳು ಕಣೋ ನಾನು!"

"ಕಾಯಿಲೆಯವರಿಗೆ ಬೇರೆ ರೂಲ್ಸ್ ಇಲ್ಲ. ಔಟ್ ಅಂದ್ರೆ ಔಟ್."

ಬೈಗುಳ ಎಣಿಸಿದೆ, ಹನ್ನೊಂದು. ಅದರಲ್ಲಿ ಎರಡು ನಾನು ಮರೆತೇ ಹೋಗಿದ್ದವು.

ಹಿಡಿತ ೯. ಬಾಗಿಲು: ಇಟ್ಟ ಕೂಡಲೇ ಬಿತ್ತು.

ಜನವರಿ ೧೪, ಮಂಗಳವಾರ

ಹಿಡಿತ ೧೭! ಬಾಗಿಲು: ಬಿತ್ತು. ಮತ್ತೆ ಜಗಳ. ಏಳೂವರೆಗೆ ಷಟರ್ ಎಳೆದೆ. ಈ ಚಳಿಗೆ ಅಷ್ಟು ಹೊತ್ತಿನ ಮೇಲೆ ಯಾರು ಬರುತ್ತಾರೆ ನಲ್ಲಿ ಕೊಳ್ಳಲು?

ಜನವರಿ ೧೭, ಶುಕ್ರವಾರ

ಇಪ್ಪತ್ತಾರು! ಸಾಲಾಗಿ ಇಪ್ಪತ್ತಾರು! ಬಾಗಿಲು ನಾನು ಎರಡು ಎಣಿಸುವವರೆಗೆ ನಿಂತು ಬಿತ್ತು. "ನಿಂತಿತ್ತು" ಅಂತ ಅವಳು, "ಕೂತಿತ್ತು" ಅಂತ ನಾನು.

ಆಟದ ನಡುವೆ ಹಳೆಯದೆಲ್ಲ ಹೊರಬಿತ್ತು. ಬೆಂಕಿಪೊಟ್ಟಣ ಎರಡಕ್ಕೆ ದಾರ ಕಟ್ಟಿ ಅವಳು ಅಡುಗೆಮನೆಯಲ್ಲಿ, ನಾನು ಹಿತ್ತಲಲ್ಲಿ ನಿಂತು ಟೆಲಿಫೋನ್ ಮಾಡುತ್ತಿದ್ದದ್ದು. ಫೋನಿನಲ್ಲೇ ಜಗಳವಾದರೆ ಅವಳು ದಾರ ಕಚ್ಚಿ ಕತ್ತರಿಸುತ್ತಿದ್ದಳು. ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಗರಗರ ತಿರುಗಿಸಿ ಟೇಪು ಸುತ್ತುವುದು. ಸೈಕಲ್ ಟೈರಿಗೆ ಕೋಲು ಕೊಟ್ಟು ಅಂಗಡಿಗೆ ಓಡುವುದು. ಬರಿಗೈಯಲ್ಲಿ ಹೋಗೆಂದರೆ ಒಲ್ಲೆ ಅನ್ನುತ್ತಿದ್ದವನು ಟೈರ್ ಇದ್ದರೆ ಮೂರು ಸಲ ಹೋಗುತ್ತಿದ್ದೆನಂತೆ.

"ನಿನ್ನಿಂದ ಕೆಲಸ ಮಾಡಿಸಬೇಕು ಅಂದ್ರೆ ಕೈಗೊಂದು ಆಟದ ಸಾಮಾನು ಕೊಡಬೇಕಿತ್ತು" ಅಂದಳು.

ಹೆಚ್ಚೂಕಮ್ಮಿ ನಾನು ಅವಳಿಗೆ ಮಾಡುತ್ತಿರುವುದೂ ಅದನ್ನೇ. ಹೇಳಲಿಲ್ಲ. ಜಾಣತನವನ್ನು ಬಾಯಿಬಿಟ್ಟರೆ ಅದರ ಕೆಲಸ ಕೆಡುತ್ತದೆ.

ಜನವರಿ ೨೪, ಶುಕ್ರವಾರ

ನಲವತ್ತೆರಡು!! ನಲವತ್ತೆರಡು ಹಿಡಿತ! ಎರಡು ಸಲ ಎಣಿಸಿದೆ!

ಮೇಡಂಗೆ ಫೋನ್ ಮಾಡಿ ಹೇಳಿದೆ. ಆ ನಗದ ಹುಡುಗಿ ಫೋನಿನಲ್ಲೇ "ನಿಜವಾಗ್ಲೂನಾ ಸಾರ್? ಎರಡೇ ವಾರದಲ್ಲಾ?" ಅಂತ ಕಿರುಚಿದಳು. ನನ್ನ ಎದೆ ಒಂದು ಗೇಣು ಉಬ್ಬಿತು. ಈ ವಾರವಿಡೀ ಆರಕ್ಕೇ ಅಂಗಡಿ ಮುಚ್ಚಿದ್ದೇನೆ. ಕತ್ತಲಲ್ಲಿ ಅಕ್ಕನಿಗೆ ನಟ್ಟು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ.

ಬಾಗಿಲು: ಐದು ಎಣಿಸುವವರೆಗೆ. ಎರಡು ಕಲ್ಲು ಒಳಗೆ ಹೋದವು, ಆಮೇಲೆ ಬಿತ್ತು. ಔಟ್ ಕೊಟ್ಟೆ. ಕಾಲಿನಿಂದ ಒದ್ದಳು, ಕಾಯಿಲೆ ಬಿದ್ದಿದ್ದ ಕಾಲಿನಿಂದಲೇ. ನೋವಾಯಿತು, ಖುಷಿಯೂ ಆಯಿತು.

ಜನವರಿ ೨೭, ಸೋಮವಾರ

ಮೇಡಂ ಬಂದರು. ನಾನು ಡೈರಿ ಹಿಡಿದು ಪಕ್ಕದಲ್ಲೇ ನಿಂತೆ. "ತೋರಿಸು ಅಕ್ಕ!" ಅಂದೆ. ಅಕ್ಕ ಒಂದು ಸಲ ನನ್ನ ಮುಖ ನೋಡಿದಳು. ನಟ್ಟು ಹಾರಿಸಿದಳು. ಹಿಡಿದಳು. ಮತ್ತೆ ಹಾರಿಸಿದಳು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಎಂಟಕ್ಕೆ ಬಂದಾಗ ಮೇಡಂ ಮೆಲ್ಲಗೆ ಕೇಳಿದರು:

"ಸಾರ್, ಇದು ಎಡಗೈ ಅಲ್ವಾ?"

ಎಡಗೈ.

ಎಡಗೈಯೇ. ಅಕ್ಕ ಹುಟ್ಟಾ ಎಡಚಿ. ಬರೆಯುವುದನ್ನು ಮೇಷ್ಟ್ರು ಹೊಡೆದು ಬಲಗೈಗೆ ತಂದರು. ಟೈಲರ್ ಕತ್ತರಿಯನ್ನು ಮಾಡಿರುವುದೇ ಬಲಗೈಯವರಿಗೆ, ಹಾಗಾಗಿ ಅದೂ ಬಲಕ್ಕೆ ಬಂತು. ಆಟವೊಂದೇ ಯಾರೂ ಕಿತ್ತುಕೊಳ್ಳದೆ ಎಡಗೈಯಲ್ಲಿ ಉಳಿದದ್ದು. ನಾನು ಕಣ್ಣು ಬಿಟ್ಟಾಗಿನಿಂದ ಅವಳು ಕಲ್ಲು ಹಿಡಿದದ್ದು ಎಡಗೈಯಲ್ಲೇ. ಅದು ಎಡ ಅನ್ನುವುದೇ ನನ್ನ ತಲೆಗೆ ಬರಲಿಲ್ಲ. ಅದು ಅಕ್ಕನ ಕೈ, ಅಷ್ಟೇ.

ಚೆನ್ನಾಗಿದ್ದ ಕೈಗೆ ಎರಡು ವಾರ ಕಸರತ್ತು ಮಾಡಿಸಿದ್ದೇನೆ. ಹಿಡಿತ ಅಂತ ದಿನಾ ಬರೆದಿದ್ದೇನೆ, ಯಾವ ಕೈ ಅಂತ ಒಂದು ದಿನವೂ ಬರೆದಿಲ್ಲ.

"ನಿನಗೆ ಗೊತ್ತಿತ್ತಾ?" ಅಂತ ಕೇಳಿದೆ, ಮೇಡಂ ಹೋದ ಮೇಲೆ.

"ನನ್ನ ಕೈ ನನಗೆ ಗೊತ್ತಿರಲ್ವೇನೋ?"

"ಮತ್ತೆ ಹೇಳೋದಲ್ವಾ?"

"ನೀನು ಮಂಚದ ಮೇಲೆ ಹಾಗೆ ಕುಣೀತಿದ್ದೆ. ಹೇಗೆ ಹೇಳೋದು?"

ಜನವರಿ ೨೮, ಮಂಗಳವಾರ

ಎಂಟರವರೆಗೆ ಅಂಗಡಿ ತೆರೆದಿದ್ದೆ. ವ್ಯಾಪಾರ ಪರವಾಗಿಲ್ಲ.

ಜನವರಿ ೩೧, ಶುಕ್ರವಾರ

ಅಕ್ಕ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿಸಿಕೊಳ್ಳುತ್ತಿದ್ದಾಳೆ, ಎಡಗೈಯಲ್ಲಿ, ಒಂದೊಂದಾಗಿ. "ಆ ನಟ್ಟು ಡಬ್ಬಿಗೆ ಹಾಕ್ಕೋ, ನಿನ್ನ ಲೆಕ್ಕದಲ್ಲಿ ಐದು ಕಮ್ಮಿ ಬರುತ್ತೆ" ಅಂದಳು. ಜೇಬಲ್ಲೇ ಇಟ್ಟುಕೊಂಡು ಬಂದೆ.

ಮೇಸ್ತ್ರಿ ಫೋನ್ ಮಾಡಿ "ಇಪ್ಪತ್ತಕ್ಕೆ ಗ್ಯಾರಂಟಿ ತಾನೇ?" ಅಂದ. ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆ ಅಂತ ಫೋನ್ ಇಟ್ಟ ಮೇಲೆ ಯೋಚಿಸಿದೆ.

ಫೆಬ್ರವರಿ ೧, ಶನಿವಾರ

ಲೆಕ್ಕದಲ್ಲಿ ತಪ್ಪು ಬಿದ್ದರೆ ಮೊದಲಿನಿಂದ ಓದಬೇಕು. ಗಲ್ಲಾದ ಹಿಂದೆ ಕೂತು ಇದೇ ಡೈರಿ ತೆಗೆದೆ. ಹಿಡಿತ ಒಂಬತ್ತು, ಹದಿನೇಳು, ಇಪ್ಪತ್ತಾರು, ನಲವತ್ತೆರಡು. ಎಲ್ಲ ಎಡಗೈ, ಎಲ್ಲ ದಂಡ. ಒಂದೊಂದಾಗಿ ಗೆರೆ ಹೊಡೆದುಹಾಕಿದೆ.

ಹೊಡೆದ ಮೇಲೆ ಪ್ರತಿ ಪುಟದಲ್ಲೂ ಒಂದು ಸಾಲು ಉಳಿಯಿತು.

ಹನ್ನೆರಡನೇ ತಾರೀಕು, ಬಾಗಿಲು ಇಟ್ಟ ಕೂಡಲೇ ಬಿತ್ತು. ಹದಿನೇಳು, ಎರಡು ಎಣಿಸುವವರೆಗೆ ನಿಂತಿತು. ಇಪ್ಪತ್ತನಾಲ್ಕು, ಐದು ಎಣಿಸುವವರೆಗೆ.

ಎಡಗೈ ಕಲ್ಲು ಆಡಿದರೆ ಬಾಗಿಲು ಯಾವ ಕೈ?

ಯಾವ ಕೈ?!

ಗ್ರಾಹಕರು ಇಬ್ಬರಿದ್ದರು. "ಬಾಗಿಲು ಬಲಗೈ!" ಅಂತ ಅವರ ಮುಖಕ್ಕೇ ಕೂಗಿದೆ. ಒಬ್ಬರು ಹೆದರಿ "ನಮಗೆ ಚಿಲಕ ಸಾಕು ಸಾರ್" ಅಂದರು. ಚಿಲಕ ಕೊಟ್ಟು ಷಟರ್ ಎಳೆದು ಮೆಟ್ಟಿಲು ಎರಡೆರಡು ಹಾರಿ ಹತ್ತಿದೆ.

"ಅಕ್ಕ! ನಿನ್ನ ಸೋಮಾರಿ ಬಾಗಿಲು ಇಡು!"

"ಹುಚ್ಚು ಹಿಡೀತೇನೋ?"

"ಇಡು ಅಂದ್ರೆ ಇಡು!"

ಬಲಗೈಯನ್ನು ಎಡಗೈಯಿಂದ ಎತ್ತಿ ಕಂಬಳಿಯ ಮೇಲಿಟ್ಟಳು. ಹೆಬ್ಬೆರಳು, ತೋರುಬೆರಳು ನಡುಗುತ್ತಾ ಊರಿ ನಿಂತವು. ಒಂದು, ಎರಡು, ಮೂರು... ಆರು ಎಣಿಸಿದೆ. ಟೇಪು ಹಿಡಿದು ಅಳೆದೆ, ಒಂದೂಮುಕ್ಕಾಲು ಇಂಚು ಎತ್ತರ! ಡೈರಿ ತೆಗೆದು ಓದಿ ಹೇಳಿದೆ.

ಅಕ್ಕ ತನ್ನ ಬಲಗೈಯನ್ನು ಬೇರೆ ಯಾರದ್ದೋ ಅನ್ನುವ ಹಾಗೆ ನೋಡಿದಳು. "ನೀನು ಔಟ್ ಕೊಡ್ತೀಯಲ್ಲ ಅನ್ನೋ ಸಿಟ್ಟಿಗೆ ಎತ್ತಿ ಹಿಡೀತಿದ್ದೆ ಕಣೋ" ಅಂದಳು.

"ಅದಕ್ಕೇ ಕೊಟ್ಟಿದ್ದು" ಅಂದೆ. ಇದು ಸುಳ್ಳು. ನಾನು ಕೊಟ್ಟಿದ್ದು ಗೆಲ್ಲೋಕೆ.

ಪೆಟ್ಟಿಗೆಯಿಂದ ಬಟ್ಟೆ ವಾಪಸ್ ಬೀರುವಿಗೆ ಜೋಡಿಸಿದವನು ನಾನೇ. ಮಡಿಕೆ ಸರಿಯಿಲ್ಲ ಅಂತ ಬೈಸಿಕೊಂಡೆ.

ಫೆಬ್ರವರಿ ೫, ಬುಧವಾರ

ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ, ಈ ಸಲ ಕೈ ಯಾವುದು ಅಂತ ಮೊದಲೇ ಹೇಳಿ ಶುರು ಮಾಡಿದೆ. "ಬಾಗಿಲು ಬಿಡಬೇಡಿ ಸಾರ್. ಆಮೇಲೆ ಎತ್ತೋದು, ಹಿಡಿಯೋದು" ಅಂದರು.

ಎತ್ತುವುದಕ್ಕೆ ನನ್ನ ಅಂಗಡಿಗಿಂತ ಒಳ್ಳೆಯ ಜಾಗ ಯಾವುದಿದೆ! ಒಂದಿಂಚಿನ ನಟ್ಟು, ಮುಕ್ಕಾಲಿನದು, ಅರ್ಧದ್ದು, ಕಾಲಿನದು ಸಾಲಾಗಿ ಇಟ್ಟೆ. ಬಲಗೈ ದೊಡ್ಡದನ್ನು ಎತ್ತಿ ಡಬ್ಬಿಗೆ ಹಾಕಿತು. ಮುಕ್ಕಾಲು ಜಾರಿತು.

ಬಾಗಿಲು: ಹನ್ನೊಂದು ಎಣಿಸುವವರೆಗೆ, ನಾಲ್ಕು ಕಲ್ಲೂ ಒಳಗೆ! ಎರಡೂಕಾಲು ಇಂಚು! ಅವಳು ಗೆದ್ದಳು, ನಾನು ಸೋತೆ. ಸೋತವನು ಬೀದಿಯ ತುದಿಯವರೆಗೆ ಕುಂಟಿಕೊಂಡು ಹೋಗಿ ಬರಬೇಕು, ಅದೂ ಹಳೆಯ ನಿಯಮ. ಹೋಗಿ ಬಂದೆ. ಎದುರಂಗಡಿಯವರು "ಕಾಲಿಗೇನಾಯ್ತು?" ಅಂದರು. "ಆಟದಲ್ಲಿ ಸೋತೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಪಾಪ.

ಫೆಬ್ರವರಿ ೯, ಭಾನುವಾರ

ಬಲಗೈ ಹಾರಿಸಿತು! ಒಂದು ಗೇಣು ಎತ್ತರ. ಹಿಡಿಯಲಿಲ್ಲ, ಎದೆಗೆ ತಾಗಿ ಮಡಿಲಿಗೆ ಬಿತ್ತು. "ಮಡಿಲೂ ಲೆಕ್ಕ" ಅಂದಳು. "ಲೆಕ್ಕವಿಲ್ಲ" ಅಂದೆ. ಇಪ್ಪತ್ತು ನಿಮಿಷ ವಾದ.

ಅರ್ಧ ಇಂಚಿನದು ಎತ್ತಿದಳು.

ಫೆಬ್ರವರಿ ೧೩, ಗುರುವಾರ

ಹಿಡಿದಳು. ಬಲಗೈಯಲ್ಲಿ. ಒಂದೇ ಒಂದು ಸಲ.

ನಲವತ್ತೆರಡಕ್ಕೆ ಕುಣಿದಿದ್ದೆನಲ್ಲ, ಈ ಒಂದಕ್ಕೆ ಕುಣಿಯಲಿಲ್ಲ. ಅಕ್ಕನೂ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದರೆ ನಟ್ಟು ಅಲ್ಲಿಲ್ಲದೆ ಹೋದೀತು ಅನ್ನುವ ಹಾಗೆ ಬಹಳ ಹೊತ್ತು ಹಿಡಿದೇ ಕೂತಿದ್ದಳು.

ಆಮೇಲೆ "ಈಗ ಕುಣಿಯಪ್ಪ" ಅಂದಳು. ಕುಣಿದೆ.

ಅಂಗಡಿ ಮಧ್ಯಾಹ್ನವೇ ಮುಚ್ಚಿದ್ದೆ. ಇನ್ನು ನಾಲ್ಕೇ ದಿನ.

ಫೆಬ್ರವರಿ ೧೭, ಸೋಮವಾರ

ಅಕ್ಕನ ಮಗಳು ಬೆಳಿಗ್ಗೆಯೇ ಬಂದಳು, ಖಾಲಿ ಸೂಟ್‌ಕೇಸ್ ಹಿಡಿದುಕೊಂಡು.

ಮೇಡಂ ಹತ್ತು ಗಂಟೆಗೆ ಬಂದು ಕೈಯಲ್ಲಿ ಒತ್ತಿ ನೋಡುವ ಒಂದು ಯಂತ್ರ ಕೊಟ್ಟರು. ಅಕ್ಕ ಹಲ್ಲು ಕಚ್ಚಿ ಒತ್ತಿದಳು. ಮುಳ್ಳು ಅರ್ಧಕ್ಕೂ ಏರಲಿಲ್ಲ. "ಚೇತರಿಕೆ ಇದೆ. ಆದ್ರೆ ಕತ್ತರಿ ಹಿಡಿಯೋಕೆ ಇನ್ನೂ..." ಅಂತ ಮೇಡಂ ಮಾತು ನುಂಗಿದರು. ಮಗಳು ಸೂಟ್‌ಕೇಸಿನ ಹಿಡಿ ಮುಟ್ಟಿದಳು.

ಆಗ ನಾನು ಬಾಯಿ ತೆರೆದೆ. ಮೂವತ್ತೊಂದು ವರ್ಷ ತುಕ್ಕು ಹಿಡಿದ ಮೊಳೆಯನ್ನೂ ಮಾತಿನ ಬಲದಲ್ಲಿ ಮಾರಿದವನು, ಇವತ್ತಿನಂಥ ಮಾತು ಯಾವತ್ತೂ ಆಡಿಲ್ಲ. ಡೈರಿ ತೆಗೆದು ಓದಿದೆ. ಜನವರಿ ಹನ್ನೆರಡು, ಬಾಗಿಲು ಬಿತ್ತು. ಹದಿನೇಳು, ಎರಡು. ಇಪ್ಪತ್ತನಾಲ್ಕು, ಐದು. ಫೆಬ್ರವರಿ ಒಂದು, ಆರು, ಒಂದೂಮುಕ್ಕಾಲು ಇಂಚು. ಐದು, ಹನ್ನೊಂದು, ಎರಡೂಕಾಲು ಇಂಚು. ಹದಿಮೂರು, ಹಿಡಿದಳು. "ಹೀಗೆ ದಿನದಿಂದ ದಿನಕ್ಕೆ ಏರ್ತಿರೋದನ್ನ ಯಾವ ದಡ್ಡ ಇವತ್ತೇ ನಿಲ್ಲಿಸ್ತಾನೆ? ಅಕ್ಕ ಎಲ್ಲಿಗೂ ಹೋಗೋ ಹಾಗಿಲ್ಲ! ಅಂಗಡಿ ಬಿಡೋ ಹಾಗೂ ಇಲ್ಲ!"

ಮಗಳು ನನ್ನನ್ನೇ ನೋಡುತ್ತಿದ್ದಳು. "ಮಾಮ, ನಿಮಗೆ ಆ ಮಳಿಗೆ ಬೇಕಿತ್ತಲ್ಲ?"

"ಯಾವ ಮಳಿಗೆ?" ಅಂದೆ.

ದೇವರಾಣೆ, ಒಂದು ಕ್ಷಣ ನನಗೆ ಹೊಳೆಯಲೇ ಇಲ್ಲ. ಹೊಳೆದಾಗ ಕಿವಿ ಬಿಸಿಯಾಯಿತು. ಅಕ್ಕನ ಕಡೆ ನೋಡಲಾರದೆ ಕಂಬಳಿಯ ಅಂಚು ನೋಡಿದೆ.

"ಯಾಕೆ ತಲೆ ತಗ್ಗಿಸ್ತೀಯ? ನನಗೆ ಜನವರೀಲೇ ಗೊತ್ತು" ಅಂದಳು ಅಕ್ಕ. "ಕೆಳಗೆ ನೀನು ಧೂಳು ಒರೆಸ್ತೀನಿ ಅಂತ ಹೋದೆ. ನಾನು ಟೈಲರ್ ಕಣೋ. ಯಾರಾದ್ರೂ ಅಳತೆ ತಗೋತಿದ್ರೆ ನನಗೆ ಗೊತ್ತಾಗಲ್ವಾ? ನಿನ್ನ ಕಬ್ಬಿಣದ ಟೇಪು ಒಳಗೆ ಹೋಗುವಾಗ ಹೊಡೆಯೋ ಸದ್ದು ಈ ನೆಲ ತೂರಿ ಬಂತು. ಐದು ಸಲ ಅಳೆದೆ."

"ಗೊತ್ತಿದ್ದೂ ನನ್ ಜೊತೆ ಆಡಿದ್ಯಾ?"

"ನಿನ್ನನ್ನ ಸೋಲಿಸೋಕೆ ಅದಕ್ಕಿಂತ ಒಳ್ಳೆ ಕಾರಣ ಬೇಕಿತ್ತಾ?"

ಆಮೇಲೆ ಮಗಳ ಕಡೆ ತಿರುಗಿ "ಕತ್ತರಿ ಕೊಡೇ" ಅಂದಳು. ದೊಡ್ಡ ಕತ್ತರಿ, ಹಿಡಿಗೆ ನಾನು ನಿನ್ನೆ ಸೈಕಲ್ ಟ್ಯೂಬು ಸುತ್ತಿದ್ದೆ. ಹಳೆಯ ದುಪ್ಪಟಿಯೊಂದನ್ನು ಮೇಜಿನ ಮೇಲೆ ಹರಡಿ, ಬಲಗೈ ಹೆಬ್ಬೆರಳನ್ನು ಹಿಡಿಯ ಒಂದು ಕಿವಿಗೆ, ಉಳಿದ ಬೆರಳನ್ನು ಇನ್ನೊಂದಕ್ಕೆ ತೂರಿಸಿದಳು. ಕತ್ತರಿ ಬಾಯಿ ಬಿಡಲು ಬಹಳ ಹೊತ್ತು ಹಿಡಿಯಿತು. ನಾನು ಬಾಯಿಗೆ ಬಂದ ಎಣಿಕೆಯನ್ನು ನುಂಗಿಕೊಂಡೆ. ಕಚಕ್. ಮತ್ತೆ ಕಚಕ್. ಒಂದು ಮೊಳ ಬಟ್ಟೆ ಕತ್ತರಿಸಲು ಮೈಯೆಲ್ಲ ಬೆವರಿದಳು. ಗೆರೆ ಎರಡು ಬೆರಳಷ್ಟು ಸೊಟ್ಟ ಹೋಗಿತ್ತು.

ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಬೊಗಳೆಯ ಪೈಜಾಮಕ್ಕೆ ಸರಿಹೋಗುತ್ತೆ. ಅವನ ನಡೆ ಇಷ್ಟೇ ಸೊಟ್ಟ."

ಮೇಡಂ ನಕ್ಕರು! ನಾನು ಕಣ್ಣಾರೆ ಕಂಡೆ, ಹಲ್ಲು ಕಾಣುವ ಹಾಗೆ ನಕ್ಕರು. ದಿನಕ್ಕೆ ಒಂದು ಗಂಟೆ ಕತ್ತರಿ, ಎರಡು ತಿಂಗಳಲ್ಲಿ ಕೈ ತನ್ನ ದಾರಿಗೆ ಬರುತ್ತೆ, ಆಟ ಮಾತ್ರ ನಿಲ್ಲಿಸಬೇಡಿ ಅಂದರು. ಮಗಳು ಅಳುತ್ತಾ ನಗುತ್ತಾ ಖಾಲಿ ಸೂಟ್‌ಕೇಸನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು.

ಫೆಬ್ರವರಿ ೨೦, ಗುರುವಾರ

ಮೇಸ್ತ್ರಿ ಸುತ್ತಿಗೆ, ಉಳಿ ಹಿಡಿದು ಬಂದು ನಿಂತ. ಬೇಡ ಅಂತ ಹೇಳುವುದು ಮರೆತೇ ಹೋಗಿತ್ತು.

"ಗೋಡೆ ಬೇಡಪ್ಪ. ಧೂಳು ಬಹಳ ಆಗುತ್ತೆ" ಅಂದೆ.

"ಧೂಳಿಗೆ ಹೆದರೋ ಪಾರ್ಟಿನಾ ನೀವು?" ಅಂದ.

ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅಕ್ಕನ ಮೆಟ್ಟಿಲಿನ ಪಕ್ಕದ ಗೋಡೆಗೆ ಉದ್ದಕ್ಕೂ ಕೈಹಿಡಿ ಕೂರಿಸಲು ಹೇಳಿದೆ. ಒಂದಿಂಚಿನ ಪೈಪು ಅಂಗಡಿಯದೇ. ಹೇಗೂ ಹೊರಗೆ ನಿಂತು ಬಿಸಿಲಿಗೆ ಒಣಗುತ್ತಿತ್ತು, ಜಾಗವೂ ಖಾಲಿಯಾಯಿತು. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಇದೇ ಸರಿ.

ಸೀಮೆಸುಣ್ಣದ ಗೆರೆ ಒರೆಸಿದೆ. ಪೂರ್ತಿ ಹೋಗಲಿಲ್ಲ.

ಫೆಬ್ರವರಿ ೨೫, ಮಂಗಳವಾರ

ಇವತ್ತು ಪೈಪು ಹಿಡಿದು ಅಕ್ಕ ತಾನೇ ಇಳಿದು ಬಂದು ಅಂಗಡಿ ತೆರೆದಳು. ಹತ್ತು ಗ್ರಾಹಕರ ನಡುವೆಯೂ ನನ್ನ ಕಿವಿ ಗೋಡೆಯ ಕಡೆಗೇ. ಕಚಕ್... ಕಚಕ್... ನಿಧಾನಕ್ಕೆ, ಉಸಿರು ತೆಗೆದುಕೊಂಡು ಬರುತ್ತಿತ್ತು ಸದ್ದು. ಹನ್ನೊಂದು ಗಂಟೆಯ ಹೊತ್ತಿಗೆ ನಿಂತಿತು. ಸುಸ್ತಾಗಿರಬೇಕು ಅಂದುಕೊಂಡೆ.

ಒಬ್ಬರಿಗೆ ನಲ್ಲಿ ತೋರಿಸುತ್ತಿದ್ದೆ. ಆಗ ಗೋಡೆಯ ಆಚೆಯಿಂದ ಬೇರೆ ಸದ್ದು. ಟಣ್. ಸ್ವಲ್ಪ ಬಿಟ್ಟು ಟಣ್, ಟಣ್. ನಟ್ಟು, ಮರದ ಮೇಜಿನ ಮೇಲೆ!

ಕಳ್ಳಿ! ನನಗೆ ಹೇಳದೆ ಅಭ್ಯಾಸ ಮಾಡುತ್ತಿದ್ದಾಳೆ! ಸಂಜೆಯ ಆಟಕ್ಕೆ ಬೆಳಿಗ್ಗೆಯೇ ಅಭ್ಯಾಸ ಮಾಡುವಂತಿಲ್ಲ ಅನ್ನುವುದು ಮರಳು ಗುಡ್ಡೆಯ ಕಾಲದ ನಿಯಮ!

"ಸಾರ್, ಇದು ಎಡಕ್ಕೆ ತಿರುಗಿಸೋದಾ, ಬಲಕ್ಕಾ?" ಅಂತ ಕೇಳುತ್ತಿದ್ದರು ನಲ್ಲಿಯವರು.

"ಎರಡಕ್ಕೂ ತಿರುಗುತ್ತೆ, ನೀವೇ ತಿರುಗಿಸಿ ನೋಡ್ತಿರಿ" ಅಂತ ನಲ್ಲಿಯನ್ನು ಅವರ ಕೈಗಿಟ್ಟು, ಅವರನ್ನೂ ಹೊರಗೆ ಕರೆದುಕೊಂಡು, ಷಟರ್ ಇಳಿಸಿ ಓಡಿದೆ.